ಅನಿಯೆಲ್ಲೊನ ಹಲ್ಲುನೋವು

ನುಂಜಿಯಾ ಅಂದು ಸಂಜೆಯ ಹಡಗಿನಲ್ಲಿ ಸಾರ್ಡೀನಿಯಾದ ಅಕ್ಕನ ಮನೆಗೆ ಹೊರಟುಬಿಡುತ್ತಾಳಂತೆ, ಮತ್ತೆ ಬರುವುದೇ ಇಲ್ಲವಂತೆ! ಪ್ರೊಚಿದಾ ದ್ವೀಪದ ಕ್ಷೌರಿಕ ಅನಿಯೆಲ್ಲೊನಿಗೆ ಈ ಸುದ್ದಿ ಮುಟ್ಟಿದಾಗ ಅವನು ಗಿರಾಕಿಯೊಬ್ಬನ ಅರ್ಧ ಗಡ್ಡ ಹೆರೆದಿದ್ದ. ಉಳಿದರ್ಧವನ್ನು ಹಾಗೇ ಬಿಟ್ಟು, ಇದ್ದೊಂದು ಸೂಟು ತೊಟ್ಟು ನೇಪಲ್ಸಿನ ಫೆರಿಗೆ ಓಡಿದ. ವರ್ಷಗಳಿಂದ ನೇಪಲ್ಸಿನ ದರ್ಜಿ ಹೆಂಗಸು ನುಂಜಿಯಾಳ ಮನೆಗೆ ಹೋಗಿ, ಕಾಫಿ ಕುಡಿದು, ಮಳೆಗಾಳಿಯ ಮಾತಾಡಿ ಬರುತ್ತಿದ್ದನೇ ಹೊರತು ಮದುವೆಯ ಮಾತು ಗಂಟಲು ದಾಟಿರಲಿಲ್ಲ. ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಪಕ್ಕದ ಮನೆಯ ಅಸ್ಸುಂತಾ ಚಿಕ್ಕಮ್ಮನ ಕಿವಿಗೆ ಬಿದ್ದರೆ ಇಗರ್ಜಿಯ ಗಂಟೆ ಬಾರಿಸಿದಂತೆಯೇ.

ಫೆರಿಯಲ್ಲಿ ಗಂಟುಬಿದ್ದವನು ನಿವೃತ್ತ ನಾವಿಕ ಸಾವೇರಿಯೊ.

"ಏನೋ ಇದು, ಮಂಗಳವಾರ ಸೂಟು?"

"ಹಲ್ಲು... ಹಲ್ಲುನೋವು ಮಾಮ," ಎಂದ ಅನಿಯೆಲ್ಲೊ, ಬಾಯಿಗೆ ಬಂದದ್ದನ್ನು.

"ಮೊದಲೇ ಹೇಳ್ಬಾರ್ದಾ! ಬಂದರಿನ ಎದುರಿಗೇ ನನ್ನ ಅಳಿಯನ ದವಾಖಾನೆ."

"ಈಗ ಕಮ್ಮಿ ಆಗಿದೆ..."

"ಹೆದರಿಕೆಗೆ ಹಂಗನ್ಸುತ್ತೆ. ಬಾ ಸುಮ್ನೆ!"

ಫೆರಿ ನಿಂತಾಗ ಸಾವೇರಿಯೊ ಒಂದು ತೋಳು ಹಿಡಿದಿದ್ದ, ನಿಂಬೆಹಣ್ಣು ಮಾರುವ ದಪ್ಪ ಹೆಂಗಸೊಬ್ಬಳು ಇನ್ನೊಂದನ್ನು. ಸಿಕ್ಕಿಬಿದ್ದ ಕಳ್ಳನಂತೆ ಅನಿಯೆಲ್ಲೊ ನಡೆದ. "ಯಾವ ಹಲ್ಲು?" ಎಂದು ಅಳಿಯ ಕೇಳಿದಾಗ, ಬೇಗ ಮುಗಿದರೆ ಸಾಕೆಂದು ಒಂದನ್ನು ತೋರಿಸಿದ. ಗಟ್ಟಿಮುಟ್ಟಾದ ಹಲ್ಲು, ಬಾಡಿಗೆ ಮನೆ ಬಿಡಲೊಲ್ಲದ ಸಂಸಾರದಂತೆ ಹಟ ಹಿಡಿಯಿತು. ಅದು ಕಿತ್ತು ಬರುವ ಹೊತ್ತಿಗೆ ಮಧ್ಯಾಹ್ನ.

ಹಳೆಯ ಕೋಟೆಯ ಬುಡದಿಂದ, ಒಣಹಾಕಿದ ಬಟ್ಟೆಗಳಡಿಯ ಓಣಿಗಳಲ್ಲಿ ಓಡಿ, ಏದುಸಿರು ಬಿಡುತ್ತ ನುಂಜಿಯಾಳ ಬಾಗಿಲು ಬಡಿದ. ಮನೆಯೊಡತಿ ಇಣುಕಿದಳು.

"ಉಂಹಿಆ... ಇಹಾಳಾ?" ಬಾಯಿ ತುಂಬ ಹತ್ತಿ.

"ನುಂಜಿಯಾನಾ? ನಿಮ್ಮೂರಿಗೇ ಹೋದ್ಲಲ್ಲಪ್ಪಾ! 'ಆ ಮನುಷ್ಯ ಈ ಜನ್ಮದಲ್ಲಿ ಬಾಯಿಬಿಡಲ್ಲ, ನಾನೇ ಕೇಳ್ತೀನಿ. ಹೂಂ ಅಂದ್ರೆ ಹಡಗಿನ ಟಿಕೆಟ್ ಹರಿದು ಹಾಕ್ತೀನಿ' ಅಂದ್ಲು."

ಅನಿಯೆಲ್ಲೊ ಆ ಮುದುಕಿಯ ಕೈಗೆ ಮುತ್ತಿಟ್ಟ, ರಕ್ತದ ಕಲೆಯಾಯಿತು. ಮುಂದಿನ ಫೆರಿ ಹಿಡಿದ. ಊದಿದ ಕೆನ್ನೆಯಲ್ಲಿ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ. ನಡುಗಡಲಲ್ಲಿ ಎದುರಿಗೆ ಒಂದು ಫೆರಿ ಹಾದುಹೋಯಿತು. ಅದರತ್ತಲೂ ಕೈಬೀಸಿದ.

ದ್ವೀಪದ ದಕ್ಕೆಯಲ್ಲಿ ಅಸ್ಸುಂತಾ ಚಿಕ್ಕಮ್ಮ ಕಾದು ನಿಂತಿದ್ದಳು. ಮುಖದಲ್ಲಿ ಗೆದ್ದ ಕಳೆ.

"ಬಂದ್ಯಾ ಮಗಾ! ಇವತ್ತು ನಿನ್ನ ಕಾಪಾಡಿದ್ದು ನಾನು. ಚರ್ಮದ ಚೀಲ ಹಿಡ್ಕೊಂಡು ಒಬ್ಳು ಬಂದಿದ್ಲು. 'ಅನಿಯೆಲ್ಲೊ ಅವರ ಮನೆ ಯಾವುದು' ಅಂದ್ಲು. ಪರ್ಮಿಷನ್ ಇಲ್ದೆ ಬಾಲ್ಕನಿ ಕಟ್ಟಿದ್ದೀಯಲ್ಲ, ಅದಕ್ಕೇ ಬಂದಿರೋ ಸರ್ಕಾರದವಳು ಅಂತ ನಂಗೆ ತಕ್ಷಣ ಹೊಳೀತು. ಹೋದ ತಿಂಗಳೇ ತೀರ್ಕೊಂಡ ಅಂತ ಹೇಳ್ಬಿಟ್ಟೆ."

ಅನಿಯೆಲ್ಲೊ ಚಿಕ್ಕಮ್ಮನ ತೋಳು ಹಿಡಿದುಕೊಂಡ.

"ನಂಬಲಿಲ್ಲ ನೋಡು! ಸಮಾಧಿ ತೋರ್ಸಿ ಅಂದ್ಲು. ನಿನ್ನ ಚಿಕ್ಕಪ್ಪಂದೂ ನಿಂದೂ ಒಂದೇ ಹೆಸರಲ್ವಾ, ಅವನ ಸಮಾಧೀನೇ ತೋರಿಸ್ದೆ. ಪಾಪ, ಕಲ್ಲಿನ ಮೇಲೆ ತಲೆಯಿಟ್ಟು ಎಷ್ಟು ಅತ್ಲು ಅಂತೀಯಾ! ಸರ್ಕಾರದವರಲ್ಲೂ ಅಂಥ ಮೃದು ಮನಸ್ಸಿನೋರು ಇರ್ತಾರೆ. ಅರ್ಧ ಗಂಟೆ ಹಿಂದೆ ಫೆರಿ ಹತ್ತಿಸಿ ಕಳಿಸ್ದೆ."

ಅನಿಯೆಲ್ಲೊ ನೀರಿನತ್ತ ತಿರುಗಿದ. ಅಂದಿನ ಕೊನೆಯ ಫೆರಿ ಆಗಲೇ ದೂರದಲ್ಲಿ ಹೊಗೆಯ ಗೆರೆಯಾಗಿತ್ತು. ಅವನು ದಕ್ಕೆಯ ಕಲ್ಲಿನ ಮೇಲೆ ಕೂತುಬಿಟ್ಟ.

"ಎದ್ದೇಳು, ಎದ್ದೇಳು," ಚಿಕ್ಕಮ್ಮ ಶಾಲು ತೆಗೆದು ಅವನ ತಲೆಯ ಮೇಲೆ ಹೊದಿಸಿದಳು. "ಬೇಗ ಮನೆಗೆ ನಡಿ. ಸ್ವಲ್ಪ ದಿನ ಯಾರ ಕಣ್ಣಿಗೂ ಬೀಳ್ಬೇಡ. ನೀನು ಸತ್ತಿದ್ದೀಯಾ, ನೆನಪಿರ್ಲಿ."