ನನ್ನ ಭೂತಕಾಲದ ಪರೀಕ್ಷೆ

ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದ ಮೇಲೆ ನಮ್ಮ ಜಮಖಂಡಿ ಕಚೇರಿಗೆ ಹುಕುಂ ಬಂತು: ಗುಮಾಸ್ತರೆಲ್ಲ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು, ಇಲ್ಲವಾದರೆ ದೂರದ ಕೊಂಕಣದ ರತ್ನಾಗಿರಿ ಕಡೆಗೆ ವರ್ಗ. ನಾನು ಹೆದರಲಿಲ್ಲ. ಮರಾಠಿ ದಫ್ತರದ ಗೋಜಲು ಮೋಡಿ ಲಿಪಿಯನ್ನೇ ಅರಗಿಸಿಕೊಂಡವನಿಗೆ ಇಪ್ಪತ್ತಾರು ಅಕ್ಷರದ ಭಾಷೆ ಯಾವ ಲೆಕ್ಕ!

ಕ್ರಿಯಾಪದಕ್ಕೆ ‘ಇಡಿ’ ಹಚ್ಚಿದರೆ ಭೂತಕಾಲ ಎಂದು ವ್ಯಾಕರಣ ಪುಸ್ತಕ ಹೇಳಿತು. ಒಂದೇ ತಾಸಿನಲ್ಲಿ ಇಡೀ ಭೂತಕಾಲ ಮುಗಿಸಿ, ಪಕ್ಕದ ಮನೆಯ ನಿವೃತ್ತ ಮಾಸ್ತರರ ಮುಂದೆ “ಗೋಡ್, ಕಮ್ಡ್, ಈಟೆಡ್” ಎಂದು ಒಪ್ಪಿಸಿದೆ. ಅವರು ಬಾಯಲ್ಲಿದ್ದ ಎಲೆ ಅಡಿಕೆ ನುಂಗಿಬಿಟ್ಟರು!

“ಗೋಡ್ ಅಲ್ಲೋ ಮಲ್ಲಪ್ಪಾ, ವೆಂಟ್!”

“‘ಗೋ’ದಾಗ ‘ವೆ’ ಎಲ್ಲೈತ್ರಿ ಮಾಸ್ತರ?”

“ಇಂಗ್ರೇಜರನ್ನ ಕೇಳಬೇಕಿತ್ತು. ಅವರು ಹ್ವಾದ್ರು!”

ಇಂಥ ದಾರಿ ತಪ್ಪಿದ ಕ್ರಿಯಾಪದಗಳು ನೂರಾರು ಇದ್ದವು. ಪುಟ್ ಎಂದರೆ ಭೂತಕಾಲದಲ್ಲೂ ಪುಟ್, ಕಟ್ ಎಂದರೆ ಕಟ್. ಇವೆರಡೇ ಮಾನವಂತ ಪದಗಳು! ಉಳಿದವನ್ನು ಸೀಮೆಸುಣ್ಣದಿಂದ ಮನೆಯ ಗೋಡೆಗಳ ಮೇಲೆಲ್ಲ ಬರೆದು ಒಂದು ತಿಂಗಳು ಬಾಯಿಪಾಠ ಮಾಡಿದೆ.

“ಊಟಕ್ಕ ಬರ್ರೀ ಅಂದ್ರ ‘ಈಟ್, ಏಟ್’ ಅನ್ನಾಕತ್ತೀರಿ. ರೊಟ್ಟಿ ಆರಿ ಹಪ್ಪಳ ಆತು!” ಎಂದು ಹೆಂಡತಿ ಗಂಗವ್ವ ಕೂಗಿದಳು.

ಪರೀಕ್ಷೆ ಬಾಯಿಮಾತಿನದು. ಪುಣೆಯ ಸಾಹೇಬರು ಇಂಗ್ಲಿಷಿನಲ್ಲಿ ನನ್ನ ಹೆಸರು ಕೇಳಿದರು. ನನ್ನ ಬಾಯಲ್ಲಿ ಭೂತಕಾಲ ಬಿಟ್ಟು ಬೇರೇನೂ ಉಳಿದಿರಲಿಲ್ಲ. “ಮೈ ನೇಮ್ ವಾಸ್ ಮಲ್ಲಪ್ಪ,” ಎಂದೆ. ನನ್ನ ಹೆಸರು ಮಲ್ಲಪ್ಪ ಎಂದಿತ್ತು! ಸಾಹೇಬರು ಕನ್ನಡಕ ಸರಿಮಾಡಿಕೊಂಡರು.

ಮದುವೆ ಆಗಿದೆಯೇ ಎಂದರು. “ಐ ಹ್ಯಾಡ್ ಎ ವೈಫ್.” ಹೆಂಡತಿ ಇದ್ದಳು! ಸಾಹೇಬರು ಕನ್ನಡಕ ತೆಗೆದರು.

ಮಕ್ಕಳು? “ಐ ಹ್ಯಾಡ್ ಟೂ.” ಇಬ್ಬರಿದ್ದರು! ಸಾಹೇಬರು ಕರವಸ್ತ್ರವನ್ನೇ ತೆಗೆದರು.

ಮುಂದೆ ಒಂದು ಪ್ರಶ್ನೆಯನ್ನೂ ಕೇಳದೆ ನನ್ನ ಬೆನ್ನು ಸವರಿ ಕಳಿಸಿದರು. ಪಾಸಾದೆ ಎಂದುಕೊಂಡು ಪೇಢೆ ಕೊಂಡು ಮನೆಗೆ ಬಂದೆ.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಗಂಗವ್ವ ಹಿಟ್ಟಿನ ಕೈಯಲ್ಲೇ ಹೋಗಿ ತೆರೆದಳು. ತಾಲೂಕಿಗೆ ಹೊಸದಾಗಿ ಬಂದಿದ್ದ ನಮ್ಮ ಕಚೇರಿಯ ಮೇಲಧಿಕಾರಿ ಮಾಮಲೇದಾರರು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು.

“ಸಾಹೇಬರು ಎಲ್ಲಾ ಹೇಳಿದ್ರವ್ವಾ. ಆ ತಾಯಿ ತೀರಿಕೊಂಡು ಎಷ್ಟು ದಿನ ಆತು?”

“ಯಾವ ತಾಯಿರೀ?”

“ಮಲ್ಲಪ್ಪನವರ ಹೆಂಡತಿ.”

“ನಾನ ರೀ ಆಕಿ!”

ಒಳಗೆ ನಾನು ಎರಡನೆಯ ಪೇಢೆ ತಿನ್ನುತ್ತಿದ್ದೆ. ಅದು ಗಂಟಲಲ್ಲೇ ನಿಂತಿತು!

ತಿಂಗಳಾದ ಮೇಲೆ ಫಲಿತಾಂಶ ಬಂತು: ‘ಭೂತಕಾಲ ಉತ್ತಮ. ವರ್ತಮಾನಕಾಲದ ಅರಿವಿಲ್ಲ. ನಾಪಾಸು.’ ಅದರ ಬೆನ್ನಿಗೇ ವರ್ಗದ ಆದೇಶ!

“ನೀನೂ ಬಾ,” ಎಂದು ಗಂಗವ್ವನನ್ನು ಅಂಗಲಾಚಿದೆ.

“ಸತ್ತವರು ಹ್ಯಾಂಗ ಬರ್ತಾರ್ರೀ? ನೀವಷ್ಟ ಹೋಗ್ರಿ!”

ಒಬ್ಬನೇ ಹೋದೆ. ಜೋಳದ ರೊಟ್ಟಿ ಕಾಣದ ಆ ಊರಿನಲ್ಲಿ, ಒಲೆ ಊದಿ ಊದಿ ಸೀದ ಅನ್ನ ತಿನ್ನುವಾಗ, ವರ್ತಮಾನಕಾಲ ಎಂದರೇನೆಂದು ಚೆನ್ನಾಗಿ ತಿಳಿಯಿತು.