ಗಡಿಯಾರದವನು ಗುಡ್ಡ ಸುತ್ತಿದ್ದು

ಅಲ್ಲ ಕಣೇ ಪುಟ್ಟಿ, ದಾರಿ ತಪ್ಪೋದೇನು ದೊಡ್ಡ ವಿಷಯ, ಬಿಡು. ಎಲ್ಲರೂ ತಪ್ಪುತ್ತಾರೆ. ತಪ್ಪಲು ಇನ್ನೊಂದು ದಾರಿಯೇ ಇಲ್ಲದ ಕಡೆ ತಪ್ಪಿಸಿಕೊಳ್ಳುವುದಿದೆಯಲ್ಲ, ಅದಕ್ಕೆ ನನ್ನ ತಮ್ಮನೇ ಆಗಬೇಕು! ಆ ಕೈಚೀಲ ಕೆಳಗಿಟ್ಟು ಕೂತುಕೋ, ಹೇಳ್ತೀನಿ.

ಗಡಿಯಾರ ರಿಪೇರಿಯ ನಿಮ್ಮ ತಾತ, ನನ್ನ ತಮ್ಮ. ಅವನ ಮಗಳಿಗೆ ದಿನ ತುಂಬುತ್ತಿತ್ತು. ಹೆಂಡತಿ ಬಾಣಂತನಕ್ಕೆಂದು ಮಗಳ ಊರಿಗೆ ಹೊರಟು ನಿಂತಿದ್ದಳು. ಕೂಸು ತೆವಳುವವರೆಗೂ ಅಲ್ಲೇ ಎಂದು ತೀರ್ಮಾನವಾಗಿತ್ತು. ಇವನೋ ನನ್ನ ಅಡುಗೆಮನೆಯ ಬಾಗಿಲಲ್ಲಿ ಎದೆಯುಬ್ಬಿಸಿ ಘೋಷಿಸಿದ:

"ಹೋಗ್ಲಿ ಬಿಡಕ್ಕ! ನಾನು ರಾಜನ ಹಾಗಿರ್ತೀನಿ. ರೇಡಿಯೋ ನಂದು, ಮಂಚ ನಂದು. ಕೇಳೋರಿಲ್ಲ!"

"ಅಡುಗೆ?"

"ರಾಜರು ಅಡುಗೆ ಮಾಡ್ಕೊಂಡಿದ್ದು ಎಲ್ಲಾದ್ರೂ ಕೇಳಿದೀಯಾ? ನಿಮ್ಮನೇಗೆ ಬರ್ತೀನಿ."

ಇಷ್ಟು ದೊಡ್ಡ ಮಹಾರಾಜರು ಅಂಗಡಿಯಲ್ಲಿ ಮಾಡುತ್ತಿದ್ದುದೇನು ಗೊತ್ತಾ? ಗೋಡೆಯ ಗಡಿಯಾರಗಳ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ಮಾತು ಕಲಿಯುತ್ತಿದ್ದರು! "ನೀನಿಲ್ದೆ ನಂಗಾಗಲ್ಲ ಕಣೇ." ಅಷ್ಟೇ. ಮದುವೆಯಾದಾಗಿನಿಂದ ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋದ ಮಾತು. ಗಡಿಯಾರಗಳೆಲ್ಲ ಕೇಳಿಸಿಕೊಂಡವು. ಕೇಳಬೇಕಾದವಳು ಮನೆಯಲ್ಲಿ ಪೆಟ್ಟಿಗೆ ತುಂಬುತ್ತಿದ್ದಳು.

ಬೆಳಗಾದರೆ ಬಸ್ಸು. ಉಳಿದದ್ದು ಆ ಒಂದು ಸಂಜೆ. ಮನೆಯಲ್ಲಿ ಹೇಳೋಣವೆಂದರೆ ಬೀಳ್ಕೊಡಲು ಬಂದವರ ಸಂತೆ. ಆಗ ಅವನಿಗೆ ಗುಡ್ಡದ ಸುತ್ತು ನೆನಪಾಯಿತು. ಹೊಸ ಜೋಡಿಯಾಗಿದ್ದಾಗ ಸಂಜೆ ಸಂಜೆ ಸುತ್ತಿದ ದಾರಿ. ಆಮೇಲೆ ಅಂಗಡಿ ಬಂತು, ಮಗಳು ಬಂದಳು, ಮಂಡಿನೋವು ಬಂತು. ದಾರಿ ಮಾತ್ರ ಇದ್ದಲ್ಲೇ ಇತ್ತು, ಪಾಪ.

ಊರ ಹಿಂದಿನ ಹಿಟ್ಟಿನ ಗಿರಣಿಯ ಹತ್ತಿರ ಆ ದಾರಿ ಕವಲೊಡೆಯುತ್ತದೆ. ಎಡಕ್ಕೆ ಕಡಿದಾದ ಏರು. ಬಲಕ್ಕೆ ತೊರೆಯ ಪಕ್ಕದ ನಿಧಾನದ ಏರು. ಎರಡೂ ಹುಲ್ಲುಗುಡ್ಡಗಳ ಮೇಲೆ ಎದ್ದು ಇಳಿದು, ಕಣಿವೆಯನ್ನು ಬಳಸಿಕೊಂಡು, ಆಚೆಯ ನೆತ್ತಿಯ ಚಪ್ಪಟೆ ಬಂಡೆಯ ಹತ್ತಿರ ಕೂಡುತ್ತವೆ. ಅಂದರೆ ಬಳೆಯ ಹಾಗೆ ದುಂಡಗಿನ ಒಂದೇ ದಾರಿ! ಕಣ್ಣು ಮುಚ್ಚಿ ಹೊರಟರೂ ಮನೆಗೇ ಬರಬೇಕು.

ಹೇಗೋ ಅವಳನ್ನು ಹೊರಡಿಸಿಕೊಂಡು ಹೋದರೆ, ಕವಲಿನಲ್ಲೇ ಕಿತ್ತಾಟ ಶುರುವಾಯಿತು.

"ಎಡಕ್ಕೆ ಬಾ," ಎಂದ ಇವನು.

"ಬಲಕ್ಕೆ ನಡೀರಿ. ನನ್ನ ಮಂಡಿ ಆ ಏರು ಹತ್ತಲ್ಲ."

"ಗಡಿಯಾರದ ಮುಳ್ಳು ತಿರುಗೋ ಹಾಗೇ ಸುತ್ಬೇಕು ಕಣೇ. ಉಲ್ಟಾ ತಿರುಗಿಸಿದ್ರೆ ಕೆಡುತ್ತೆ."

"ಕೆಡೋಕೆ ನಾನೇನು ನಿಮ್ಮ ಮೇಜಿನ ಮೇಲಿರೋ ಗಡಿಯಾರವೇನ್ರೀ? ಹೊರಡೋ ಹೊತ್ತಲ್ಲಾದ್ರೂ ನನ್ನ ಮಾತು ಕೇಳಬಾರದಾ!"

ಹಳದಿ ಶಾಲು ಕೊಡವಿಕೊಂಡು ಅವಳು ಬಲಕ್ಕೆ ನಡೆದೇಬಿಟ್ಟಳು. ಇವನು ಎಡಕ್ಕೆ. ಹೋಗಲಿ, ಹೇಗೂ ಬಂಡೆಯ ಹತ್ತಿರ ಸಿಗುತ್ತಾಳೆ, ಅಲ್ಲೇ ಹೇಳಿದರಾಯಿತು ಎಂದುಕೊಂಡ. ಒಂದು ದಿಣ್ಣೆ ಹತ್ತುವಷ್ಟರಲ್ಲಿ ನೆನಪಾಯಿತು. ತೊರೆಯಲ್ಲಿ ಪಾಚಿಗಲ್ಲು! ಆ ಮಂಡಿ! ಜಾರಿದರೆ ಹಿಡಿಯುವವರು ಯಾರು? ಜನ್ಮದಲ್ಲಿ ಒಂದು ಮುಳ್ಳನ್ನೂ ಹಿಂದಕ್ಕೆ ತಿರುಗಿಸದವನು ಅವತ್ತು ತಾನೇ ಹಿಂದಕ್ಕೆ ತಿರುಗಿದ.

ಮೈಯೆಲ್ಲ ಹಿಟ್ಟು ಬಳಿದುಕೊಂಡು ನಿಂತಿದ್ದ ಗಿರಣಿಯವನು ಕಂಡು ಕೇಳಿದ, "ಏನ್ರೀ, ಈಗ ತಾನೇ ಹತ್ತಿದ್ರಿ?"

"ಚಪ್ಪಲಿ ಕಚ್ತಿದೆ!" ಎಂದು ಸುಳ್ಳು ಹೇಳಿ ಇವನು ತೊರೆಯ ಕಡೆ ಓಡಿದ. ಕಲ್ಲಿನ ಮೇಲೆ ಅವಳಿಲ್ಲ. ತಾನೇ ಎರಡು ಸಲ ಜಾರಿ, ತೊಯ್ದು, ಏದುಸಿರು ಬಿಡುತ್ತ ಬಂಡೆ ಮುಟ್ಟಿದ. ಅಲ್ಲಿ ಮೇಕೆ ಮೇಯಿಸುವ ಅಜ್ಜಿಯೊಬ್ಬಳೇ.

"ನಮ್ಮನೆಯವಳು ಬಂದ್ಲಾ?"

"ಬಂದ್ಲು, ಕೂತ್ಲು, ಎದ್ಲು. ಆ ಏರಲ್ಲಿ ನಿಂಗೆ ಉಸಿರು ಹಿಡಿಯುತ್ತಂತೆ. ಎಲ್ಲಿ ಕುಸಿದು ಕೂತ್ರೋ ಅಂತ ಹುಡುಕ್ಕೊಂಡು ಆ ಕಡೆ ಇಳಿದ್ಲಪ್ಪ."

ಇವನು ಅದೇ ಕಡಿದಾದ ದಾರಿಯಲ್ಲಿ ಅವಳ ಹಿಂದೆ ದಡದಡ ಇಳಿದ. ಅವಳಾಗಲೇ ಗಿರಣಿ ಮುಟ್ಟಿ, ಗಂಡ ತೊರೆಯ ಕಡೆ ಓಡಿದನೆಂದು ಕೇಳಿ, ಮತ್ತೆ ತೊರೆಯ ದಾರಿ ಹಿಡಿದಾಗಿತ್ತು! ಅವಳ ಹಿಂದೆ ಇವನು, ಇವನ ಹಿಂದೆ ಅವಳು, ಒಂದೇ ದಿಕ್ಕಿನಲ್ಲಿ!

"ನಿಲ್ರೀ ಸ್ವಾಮಿ," ಎಂದ ಗಿರಣಿಯವನು, ಇವನು ಗಿರಣಿ ಮುಟ್ಟಿದಾಗ. "ನಮ್ಮ ಬೀಸೋ ಕಲ್ಲೂ ಹಿಂಗೆ ಸುತ್ತಲ್ಲ. ನೀವು ಈ ಸಲ ಎದುರಿಂದ ಹೋಗಿ."

ಹೌದಲ್ಲ! ಇವನು ಎಡಕ್ಕೆ ಹತ್ತಿದ. ಅತ್ತ ತೊರೆಯ ಹತ್ತಿರ ಅವಳಿಗೂ ಅದೇ ಹೊತ್ತಿಗೆ ಅದೇ ಬುದ್ಧಿ ಹೊಳೆಯಬೇಕೇ? ಎದುರಿಂದ ಹೋದರೆ ಸಿಗುತ್ತಾರೆ ಎಂದು ಅವಳೂ ಹಿಂದಕ್ಕೆ ತಿರುಗಿದಳು.

ಇವನು ಬಂಡೆ ಮುಟ್ಟಿದಾಗ ಸೂರ್ಯ ಕೆಂಪಾಗಿದ್ದ. ಅವಳಿಲ್ಲ. ಮೇಕೆಯಜ್ಜಿ ನಕ್ಕು ನಕ್ಕು ಕೆಮ್ಮುತ್ತಿದ್ದಳು. ಇವನು ಕಣಿವೆಯ ಆಚೆ ನೋಡಿದ. ದೂರದಲ್ಲಿ, ಕೆಳಗೆ, ಕವಲಿನಲ್ಲಿ ಸಾಸಿವೆ ಹೂವಿನಷ್ಟು ಹಳದಿ. ಅವಳೇ! ಒಂದು ಸಲ ಎಡಕ್ಕೆ ಎರಡು ಹೆಜ್ಜೆ, ಒಂದು ಸಲ ಬಲಕ್ಕೆ. ಮತ್ತೆ ನಿಂತಳು. ಹಣೆಗೆ ಕೈಯಿಟ್ಟು ಗುಡ್ಡಗಳನ್ನು ಒಂದೊಂದಾಗಿ ನೋಡಿದಳು. ನಾಳೆಯಿಂದ ಇಷ್ಟೂ ಕಾಣುವುದಿಲ್ಲವಲ್ಲ ಎಂದುಕೊಂಡ ಇವನು.

'ಅಲ್ಲೇ ನಿಲ್ಲು' ಎಂದು ಕೂಗಬೇಕೆಂದು ಅಂಗೈಗಳನ್ನು ಬಾಯಿಗೆ ಹಿಡಿದ. ಆದರೆ ಕಲಿತ ಬಾಯಿ ಕೇಳಬೇಕಲ್ಲ!

"ನೀನಿಲ್ದೆ ನಂಗಾಗಲ್ಲ ಕಣೇಏಏ!"

ಗುಡ್ಡಗಳು ಅದನ್ನೇ ಹೇಳಿದವು, ನಿಧಾನವಾಗಿ, ಒಂದಾದ ಮೇಲೊಂದು. ಗಿರಣಿ ನಿಂತಿತು. ಹಿಟ್ಟಿಗೆ ಕಾದಿದ್ದ ಹೆಂಗಸರು ಡಬ್ಬ ಹಿಡಿದುಕೊಂಡೇ ಹೊರಗೆ ಬಂದರು. ಮೇಕೆಗಳೂ ಮೇಯುವುದು ಬಿಟ್ಟು ತಲೆಯೆತ್ತಿದವು. ಮಹಾರಾಜರ ಮಾನ ಬೀದಿಗೆ ಬಿತ್ತು!

ಆಮೇಲೆ ಕೆಳಗಿನಿಂದ ಅವಳ ದನಿ ಬಂತು:

"ಅಲ್ಲೇ ನಿಂತ್ಕೊಳ್ರೀಈಈ! ಅಲ್ಲಾಡ್ಬೇಡೀಈಈ!"

ನಿಂತ. ಕಾಲು ಜೋಮು ಹಿಡಿದರೂ ನಿಂತ. ಆ ಕಡಿದಾದ ಏರಿನಿಂದಲೇ ಹಳದಿ ಚುಕ್ಕೆ ಕಾಣುತ್ತ, ಮರೆಯಾಗುತ್ತ, ದೊಡ್ಡದಾಗುತ್ತ ಬಂತು. ಮೇಕೆಯಜ್ಜಿ ಬೇಕೆಂದೇ ಬೆನ್ನು ತಿರುಗಿಸಿ ಕೂತಳು. ಹತ್ತಿರ ಬಂದವಳು ಬಂಡೆಯ ಮೇಲೆ ಕುಸಿದು, ಶಾಲಿನ ತುದಿಯಿಂದ ಮೊದಲು ಅವನ ಮುಖ ಒರೆಸಿ, ಆಮೇಲೆ ತನ್ನದನ್ನು ಒರೆಸಿಕೊಂಡಳು.

"ಕೇಳಿಸ್ತು. ಇನ್ನೊಂದ್ಸಲ ಹೇಳಿ, ಹತ್ತಿರದಿಂದ."

ಇವನು ಅಂಗಡಿಯಲ್ಲಿ ಮಾಡುತ್ತಿದ್ದಂತೆ ಗಂಟಲು ಸರಿಮಾಡಿಕೊಂಡ.

"ಮಂಡಿ ನೋಯ್ತಿದೆಯಾ?"

"ನೋಯ್ತಿದೆ," ಎಂದಳು, ಅವನ ಭುಜಕ್ಕೆ ಒರಗಿ. "ಸಾಕು ಬಿಡಿ. ಅರ್ಥ ಆಯ್ತು."

ಬೆಳಗ್ಗೆ ಅವಳು ಬಸ್ಸು ಹತ್ತಿದಳು, ಮಗಳಿಗಾಗಿ ಹತ್ತಲೇಬೇಕಲ್ಲ. ಅಂದಿನಿಂದ ರಾಜರು ದಿನವೂ ನನ್ನ ಮನೆಗೆ ಬಂದು, ತಟ್ಟೆಯ ಮುಂದೆ ಕೂತು, ಫೋನು ಹಚ್ಚಿ ಕೇಳುವುದು ಒಂದೇ ಮಾತು: "ಕೂಸು ತೆವಳಿತಾ? ಇನ್ನೂ ಇಲ್ವಾ? ಯಾರಾದ್ರೂ ಕಲಿಸ್ರೀ ಅದಕ್ಕೆ!"

ಮೊನ್ನೆ ತೆವಳಿತಂತೆ, ಪುಟ್ಟಿ. ನಾಳೆ ಮೊದಲ ಬಸ್ಸಿಗೆ ಅವಳು ಬರುತ್ತಾಳೆ. ನನಗೆ ಅವರಿಬ್ಬರೂ ಗೊತ್ತು. ಇವನು ತಡೆಯಲಾರದೆ ಊರಿಗೆ ಮುಂಚೆ ಸಿಗುವ ಸೇತುವೆಯ ಸ್ಟಾಪಿನವರೆಗೆ ಹೋಗುತ್ತಾನೆ. ಅವನನ್ನು ಬೆರಗುಗೊಳಿಸಬೇಕೆಂದು ಅವಳು ಅದಕ್ಕೂ ಹಿಂದಿನ ಸ್ಟಾಪಿನಲ್ಲಿ ಇಳಿದು ಕಾಲುದಾರಿ ಹಿಡಿಯುತ್ತಾಳೆ. ನೀನೊಂದು ಕೆಲಸ ಮಾಡು. ಈಗಲೇ ಅವಳಿಗೆ ಫೋನು ಮಾಡಿ, ನಮ್ಮೂರ ನಿಲ್ದಾಣ ಬರುವವರೆಗೂ ಸೀಟಿನಿಂದ ಏಳಬೇಡ ಎಂದು ಹೇಳು. ಬೆಳಗ್ಗೆ ಬೇಗ ಎದ್ದು ಹೋಗಿ, ಅವನನ್ನು ಅಲ್ಲಿನ ಬೆಂಚಿನ ಮೇಲೆ ಕೂರಿಸಿ, ಬಸ್ಸು ಬಂದು ನಿಲ್ಲುವವರೆಗೂ ಅವನ ಅಂಗಿ ಬಿಡಬೇಡ.