ಎಂಟು ವರ್ಷದ ಸೂಲಗಿತ್ತಿ

ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಗುವ ತಾಳ್ಮೆ ಮಾತ್ರ ಉಳಿದಿರುವುದಿಲ್ಲ. ಧಾರವಾಡದ ನಮ್ಮವ್ವನಿಗೆ ಆರಾರು ತಿಂಗಳಿಗೆ ಬಂದು ಹೋಗಿ ಸಾಕಾಗಿತ್ತು. ಅಮೆರಿಕದ ಸ್ಯಾನ್ ರಮೋನಿನ ನಮ್ಮ ಮನೆಯಲ್ಲಿ ಮೊಮ್ಮಗಳ ಜೊತೆ ಇದ್ದುಬಿಡುವ ಆಸೆ ಅವಳದೇ. ಅರ್ಜಿ ಹಾಕಿದ ತಪ್ಪು ನನ್ನದು.

೧. ಸಾಕ್ಷಿ

ಅವ್ವ ನನ್ನನ್ನು ಹೆತ್ತಳು ಅನ್ನುವುದಕ್ಕೆ ಪುರಾವೆ ಬೇಕಿತ್ತು. ನಾನು ಹುಟ್ಟಿದ್ದು ಮನೆಯಲ್ಲಿ. ಜನನ ಪತ್ರ ಮಾಡಿಸುವುದು ಯಾರಿಗೂ ನೆನಪಾಗಿರಲಿಲ್ಲ. "ಹೆರಿಗೆ ಕಂಡವರಿಂದ ಅಫಿಡವಿಟ್ ತರಿಸಿ" ಅಂದರು ನಮ್ಮ ಅರ್ಜಿ ನೋಡಿಕೊಳ್ಳುತ್ತಿದ್ದ ಮಿಲ್ಪಿಟಾಸಿನ ವಕೀಲೆ. ಕಂಡವರಲ್ಲಿ ಉಳಿದವಳು ಚಿಗವ್ವ ಒಬ್ಬಳೇ, ನಮ್ಮಜ್ಜಿಯ ಕೊನೆಯ ತಂಗಿ. ಸಂಬಂಧದಲ್ಲಿ ನನಗೆ ಅಜ್ಜಿಯೇ. ಹಾಗೆ ಕರೆದರೆ ಫೋನ್ ಇಟ್ಟುಬಿಡುತ್ತಾಳೆ, ಅದಕ್ಕೇ ಅವ್ವ ಕರೆದಂತೆ ನಾನೂ ಚಿಗವ್ವ, ಅಂದರೆ ಚಿಕ್ಕಮ್ಮ, ಅನ್ನುತ್ತೇನೆ.

ಚಿಗವ್ವ ಉಮೇದಿನಿಂದ ಬರೆಸಿದಳು: ನೀರು ಕಾಸಿದ್ದು ನಾನು, ಹೊಕ್ಕಳ ಬಳ್ಳಿ ಕೊಯ್ದದ್ದು ನಾನು, ಕೂಸನ್ನು ಮೊದಲು ಎತ್ತಿಕೊಂಡದ್ದೂ ನಾನು. ನೋಟರಿ ಓದದೆ ಸೀಲು ಒತ್ತಿದ. ನಾನೂ ಓದದೆ ಕಳಿಸಿದೆ. ಓದಿದವರು ವಲಸೆ ಇಲಾಖೆಯವರು ಮಾತ್ರ.

ಅರ್ಜಿ ತಿರಸ್ಕಾರವಾಯಿತು. ಚಿಗವ್ವ ತನ್ನ ವಯಸ್ಸು ಐವತ್ನಾಲ್ಕು ಅಂತ ಬರೆಸಿದ್ದಳು. ನನಗೆ ನಲವತ್ತಾರು. ಅಂದರೆ ನನ್ನ ಬಳ್ಳಿ ಕೊಯ್ದ ಸೂಲಗಿತ್ತಿಗೆ ಆಗ ಎಂಟು ವರ್ಷ.

೨. ಫೀ

ಮಂಡ್ಯದವರಾದ ನನ್ನ ಯಜಮಾನರಿಗೆ ಫೀಯದೇ ಚಿಂತೆ. "ಕೆಲ್ಸ ಆಗ್ಲಿಲ್ಲ ಅಂದ್ಮೇಲೆ ದುಡ್ಡು ವಾಪಸ್ ಕೊಡ್ಬೇಕು ತಾನೆ?" ಅಂತ ವಕೀಲೆಯನ್ನೇ ಕೇಳಿದರು.

"ಫೀ ಕಾರ್ಡಿಗಲ್ಲ, ಅರ್ಜಿ ಓದುವುದಕ್ಕೆ. ಅವರು ಓದಿದ್ದಾರೆ" ಅಂದರು ವಕೀಲೆ.

"ಓದಿದ್ದೇ ಪ್ರಾಬ್ಲಮ್ಮಾಗಿದ್ದು" ಅಂದರು ಇವರು.

೩. ಅಪೀಲು

ಮೂವತ್ತು ದಿನದೊಳಗೆ ಅಪೀಲು ಹಾಕಬಹುದಿತ್ತು. ಆದರೆ ಆ ಹಕ್ಕು ಅರ್ಜಿ ಹಾಕಿದ ಮಗಳಿಗೆ, ಬರಬೇಕಾದ ತಾಯಿಗಲ್ಲ. ಇದನ್ನು ಅವ್ವನಿಗೆ ಫೋನಿನಲ್ಲಿ ತಿಳಿಸಿದ್ದು ನನ್ನ ಇನ್ನೊಂದು ತಪ್ಪು.

"ಬರಾಕಿ ನಾ, ಹಡದಾಕಿ ನಾ, ಅಪೀಲ್ ಮಾಡೂ ಹಕ್ಕು ನನಗಿಲ್ಲೇನು?"

"ಕಾನೂನು ಹಂಗೈತವ್ವ."

"ಹಂಗಾರ ಹಡಿಯೂ ಬ್ಯಾನಿನೂ ನೀನ ತಿನ್ನಬೇಕಿತ್ತು."

ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ನನ್ನ ಮಗಳು ತಲೆಯೆತ್ತಿ ಕೇಳಿದಳು: "ಸೋ, ಅಫಿಷಿಯಲಿ, ಅಜ್ಜಿ ಈಸ್ ನಾಟ್ ಯುವರ್ ಮಾಮ್?"

೪. ಖರೇ ವಯಸ್ಸು

ಉಳಿದದ್ದು ಒಂದೇ ದಾರಿ: ಚಿಗವ್ವ ನಿಜವಾದ ವಯಸ್ಸು ಬರೆದುಕೊಡಬೇಕು. ಅವಳು ಒಂಬತ್ತು ದಿನ ಫೋನ್ ಎತ್ತಲಿಲ್ಲ. ಕೊನೆಗೆ ಅವ್ವನೇ ಅವಳ ಮನೆಗೆ ಹೋಗಿ ಪಡಸಾಲೆಯಲ್ಲಿ ಕೂತು, ನನಗೂ ಅವಳಿಗೂ ಕೇಳುವಂತೆ ಫೋನಿನಲ್ಲಿ ಅಂದಳು: "ನನಗಿಂತ ನಾಕು ವರ್ಷ ದೊಡ್ಡಾಕಿ, ಸಣ್ಣ ಹುಡುಗಿಗತೆ ಆಡ್ತಾಳ ನೋಡು. ವಯಸ್ಸು ಮುಚ್ಚಿಟ್ರ ಮುಪ್ಪು ಬರೂದು ಬಿಡತೈತೇನು?"

ಮರುವಾರ ಹೊಸ ಅಫಿಡವಿಟ್ ಬಂತು. ಈ ಸಲ ಓದಿದೆ. "ಈಗ ನನಗೆ ಅರವತ್ತೆಂಟು ವರ್ಷ. ಹೆರಿಗೆಯ ಕಾಲಕ್ಕೆ ಇಪ್ಪತ್ತೆರಡು." ಬದುಕಿದೆ ಅಂದುಕೊಂಡೆ. ಕೆಳಗೆ ಯಾರೂ ಕೇಳದ ಇನ್ನೊಂದು ಸಾಲಿತ್ತು: "ಬಾಣಂತಿ ನನಗಿಂತ ಎರಡು ವರ್ಷ ದೊಡ್ಡವಳು. ಸಂಶಯವಿದ್ದರೆ ನಾವಿಬ್ಬರೂ ಓದಿದ ಶಾಲೆಯ ರಜಿಸ್ಟರ್ ನೋಡಬಹುದು."

ಅವ್ವನ ಪಾಸ್‌ಪೋರ್ಟಿನ ಪ್ರಕಾರ ಅವಳಿಗೆ ಅರವತ್ನಾಲ್ಕು. ಚಿಗವ್ವನ ಪ್ರಕಾರ ಎಪ್ಪತ್ತು.

ಅವ್ವನಿಗೆ ಫೋನ್ ಹಚ್ಚಿ ಓದಿ ಹೇಳಿದೆ. "ಅಪೀಲಿಗೆ ಇನ್ನ ಆರು ದಿನ ಅದಾವ. ಇದನ್ನ ಕಳಸ್ಲೇನು?" ಅಂದೆ.

"ಅಪೀಲಿನ ಹಕ್ಕು ನಿನಗ ಐತಿ ಅಲ್ಲೇನು, ನನಗೇನಿಲ್ಲಲ್ಲ?" ಅವ್ವನ ದನಿ ತಗ್ಗಿತ್ತು.

"ಹೌದವ್ವ."

"ಹಂಗಾರ ಬ್ಯಾಡ ಬಿಡವಾ. ಅಳಿಯಂದಿರನ್ನ ಕೇಳು, ಆ ಫೀ ವಾಪಸ್ ಬರತೈತೇನು ಅಂತ."